ಡಬ್ಬಲ್ ಮಿಸ್ಸಿನ ಮೊರ

ಆ ದಿನವೂ ಐದೂವರೆಗೆ ಎದ್ದೆ. ಹಂಡೆಗೆ ಉರಿ ಹಾಕಿದೆ. ಸೌದೆ ಹಸಿಯಿದ್ದದ್ದರಿಂದ ಬೆಂಕಿಗಿಂತ ಹೊಗೆ ಮೊದಲು ಬಂತು. ಅತ್ತೆಗೆ ಬೆಲ್ಲದ ಕಾಫಿ, ನಮ್ಮ ಮನೆಯವರಿಗೆ ಹಾಲು ಹಾಕಿದ ಕಾಫಿ, ನನಗೆ ಎರಡರಲ್ಲಿ ಉಳಿದದ್ದು. ರಾತ್ರಿಯ ಅನ್ನ ಸೇರಿಸಿ ಅಕ್ಕಿಹಿಟ್ಟು ನಾದಿ ಆರು ರೊಟ್ಟಿ ತಟ್ಟಿ, ನಾಲ್ಕನ್ನು ಟಿಫಿನ್ ಕ್ಯಾರಿಯರಿಗೆ ಹಾಕಿದೆ. ನಮ್ಮ ಮನೆಯವರು ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಲೈನು ಮನೆಗಳ ಆಳುಗಳೆಲ್ಲ ಸಾಲಾಗಿ ನಿಂತಾಗ ಹೆಸರು ಕೂಗಿ ಹಾಜರಿ ಬರೆಯುವುದು ಅವರ ಕೆಲಸ. ಅದಕ್ಕೆ ಏಳಕ್ಕೆಲ್ಲ ಮನೆ ಬಿಡಬೇಕು. "ಸೈಕಲ್ ಪಂಪ್ ಎಲ್ಲಿ?" ಎಂದು ಕೇಳಿದರು. ಅದು ಮದುವೆಯಾದಂದಿನಿಂದ ಒಂದೇ ಮೊಳೆಗೆ ನೇತುಬಿದ್ದಿದೆ. ತೆಗೆದುಕೊಟ್ಟೆ. ಹೋದರು.

ಎಂಟಕ್ಕೆ ಹಾಲು ಉಕ್ಕಿತು. ನಮ್ಮ ಮನೆಯಲ್ಲಿ ಹಾಲು ಉಕ್ಕುವುದು ಅಪರೂಪ. ಅಂದು ಉಕ್ಕುವಾಗ ನಾನು ಪಾತ್ರೆಯ ಎದುರಿಗೇ ನಿಂತಿದ್ದೆ.

ಅದು ಯಾಕೆ ಉಕ್ಕಿತು ಎಂದು ಹೇಳಬೇಕಾದರೆ ಡಬ್ಬಲ್ ಮಿಸ್ ಬಗ್ಗೆ ಹೇಳಬೇಕು. ಹೋದ ತಿಂಗಳು ಅವರು ತೀರಿಕೊಂಡರೆಂದು ಅವರ ತಮ್ಮನ ಮಗಳು ಒಂದು ಕಾರ್ಡು ಬರೆದಿದ್ದಾಳೆ. ಅವರ ವಿಳಾಸದ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ "ಬೀಜ" ಎಂದು ಬರೆದಿತ್ತಂತೆ. ಹಾಗೆಂದರೇನು ಎಂದು ಕೇಳಿದ್ದಾಳೆ. ಕಾರ್ಡಿನಲ್ಲಿ ಹಿಡಿಸುವ ಉತ್ತರವಲ್ಲ ಅದು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಆ ಕಡೆಯಿಂದ ನಮ್ಮ ಊರಿನ ಹೆಣ್ಣುಮಕ್ಕಳ ಶಾಲೆಗೆ ವರ್ಗವಾಗಿ ಬಂದ ಮೊದಲ ಟೀಚರು ಅವರು. ಊರು ಎಂದರೆ ಸೋಮವಾರಪೇಟೆಯ ಕಡೆಯ ಒಂದು ಸಣ್ಣ ಪೇಟೆ. ಒಂದು ರಸ್ತೆ, ಅದರ ಎರಡು ಮಗ್ಗುಲು. ಬಂದವರ ವಯಸ್ಸು ಮೂವತ್ತರ ಆಚೆ. ಮದುವೆಯಾಗಿರಲಿಲ್ಲ. ಕನ್ನಡಕದ ಒಂದು ಕಡ್ಡಿಯ ಬದಲಿಗೆ ದಾರ ಕಟ್ಟಿಕೊಂಡಿದ್ದರು. ಕಪ್ಪು ಕೊಡೆಯನ್ನು ಬಿಸಿಲಿಗೂ ಬಿಚ್ಚುತ್ತಿರಲಿಲ್ಲ, ಸಣ್ಣ ಮಳೆಗೂ ಬಿಚ್ಚುತ್ತಿರಲಿಲ್ಲ. ಕೊಡೆ ಬಿಚ್ಚಿದರೆಂದರೆ ಸೇತುವೆಯ ಮೇಲೆ ನೀರು ಹತ್ತಿದೆ ಎಂದು ಊರಿನವರು ತಿಳಿದುಕೊಳ್ಳಬಹುದಿತ್ತು. ಸುತ್ತ ಹದಿನಾರು ಮೈಲಿ ಕಾಫಿ ತೋಟವಿದ್ದ ಊರಿನಲ್ಲಿ ಅವರು ಕಾಫಿ ಕುಡಿಯುತ್ತಿರಲಿಲ್ಲ. ಬಿಸಿನೀರು ಕುಡಿಯುತ್ತಿದ್ದರು. ಇದನ್ನು ಊರು ಕೊನೆಯವರೆಗೂ ಕ್ಷಮಿಸಲಿಲ್ಲ.

ಅವರು ಓದಿದ್ದು ಮನಶ್ಶಾಸ್ತ್ರ. ಇಂಟರ್‌ಮೀಡಿಯೆಟ್ ಆದ ಮೇಲೆ ಮೈಸೂರಿನಲ್ಲಿ ಆನರ್ಸ್ ಎಂದು ಒಂದು ದಾರಿ ಇತ್ತು. ಮೂರು ವರ್ಷ ಅದನ್ನು ಓದಿದರೆ, ಮೇಲೆ ಇನ್ನೊಂದೇ ವರ್ಷಕ್ಕೆ ಎಂ.ಎ. ಕೂಡ ಮುಗಿಯುತ್ತಿತ್ತು. ಒಂದೇ ಓಟದಲ್ಲಿ ಎರಡು ಡಿಗ್ರಿ. ಅವರು ಮೂರು ವರ್ಷ ಓದಿದರು. ಆ ಬೇಸಿಗೆಯಲ್ಲಿ ಅವರ ತಂದೆ ಹೋದರು, ತಮ್ಮಂದಿರು ಚಿಕ್ಕವರು, ಕೆಲಸಕ್ಕೆ ಸೇರಿಕೊಂಡರು. ನಾಲ್ಕನೆಯ ವರ್ಷ ಹಾಗೇ ಉಳಿಯಿತು. ಆದರೆ ಊರಿಗೆ ಬಂದ ಸುದ್ದಿ "ಎರಡು ಡಿಗ್ರಿಯವರು ಬರುತ್ತಾರಂತೆ" ಎಂದಾದ್ದರಿಂದ ಬರುವ ಮೊದಲೇ ಡಬ್ಬಲ್ ಮಿಸ್ ಆಗಿದ್ದರು. ಹಾಗೆ ಕರೆದಾಗಲೆಲ್ಲ ಅವರು ತಿದ್ದುತ್ತಿದ್ದರು.

"ಡಬ್ಬಲ್ ಅಲ್ಲ. ಮುಕ್ಕಾಲು ಆಗಿದೆ."

ಯಾರೂ ತಿದ್ದಿಕೊಳ್ಳಲಿಲ್ಲ.

ಶಾಲಾ ಕಮಿಟಿಯ ಪ್ರೆಸಿಡೆಂಟರು ದೊಡ್ಡ ತೋಟದವರು. ಮನಶ್ಶಾಸ್ತ್ರ ಎಂದರೇನು ಎಂದು ಅವರು ಮೊದಲ ಮೀಟಿಂಗಿನಲ್ಲೇ ವಿಚಾರಿಸಿದರಂತೆ. ಮಿಸ್ ಹೇಳಿದ ಮೇಲೆ, "ಮೈಸೂರಿನವರು ಮೊದಲು ಬಂದು ನಮ್ಮ ಕಚೇರಿ ತಗೊಂಡ್ರು. ಈಗ ತಲೆಯೊಳಗೂ ಬಂದ್ರಾ?" ಎಂದರಂತೆ. ಮಿಸ್ ನಗದೆ ಒಂದು ಕನ್ನಡಿ ತರಿಸಿದರು. ಕಾಗದದ ಮೇಲೆ ಅಚ್ಚು ಹಾಕಿದ ಒಂದು ನಕ್ಷತ್ರ. ಅದನ್ನು ನೇರ ನೋಡಬಾರದು, ಮುಂದಿಟ್ಟ ಕನ್ನಡಿಯಲ್ಲಿ ನೋಡುತ್ತ ಪೆನ್ಸಿಲಿನಿಂದ ಗೆರೆಯ ಮೇಲೆಯೇ ಗೀಚಬೇಕು. ಅವರ ಕಾಲೇಜಿನ ಲ್ಯಾಬಿನಲ್ಲಿ ಇದನ್ನು ಮಾಡಿಸುತ್ತಿದ್ದರಂತೆ. ಪ್ರೆಸಿಡೆಂಟರು ಇಪ್ಪತ್ತು ನಿಮಿಷ ಗೀಚಿದರು. ಪೆನ್ಸಿಲು ಮೇಲೆ ಹೋಗು ಎಂದರೆ ಕೆಳಗೆ ಹೋಗುತ್ತಿತ್ತು. ಕೊನೆಗೆ ಕನ್ನಡಿ ಸರಿ ಇಲ್ಲ ಎಂದು ತೀರ್ಮಾನ ಮಾಡಿ, ಶಾಲೆಗೆ ಹೊಸ ಕನ್ನಡಿಯೊಂದನ್ನು ದಾನ ಕೊಟ್ಟರು. ಅದು ಈಗಲೂ ಆಫೀಸು ಕೋಣೆಯಲ್ಲಿದೆ.

ನನಗೆ ಅವರ ಪರಿಚಯವಾದದ್ದು ಹೊಲಿಗೆಯಿಂದ. ನಾನು ಮಡಿಕೇರಿಯ ಕಾನ್ವೆಂಟಿನಲ್ಲಿ ಬೋರ್ಡಿಂಗಿನಲ್ಲಿದ್ದು ಓದಿದವಳು. ಸಿಸ್ಟರುಗಳು ನನಗೆ ಕಲಿಸಿದ್ದರಲ್ಲಿ ಮದುವೆಯಾದ ಮೇಲೆ ಉಪಯೋಗಕ್ಕೆ ಬಂದದ್ದು ಎರಡು: ಕಸೂತಿ ಮತ್ತು ಹೆಸರು ಕರೆದ ಕೂಡಲೇ ಎದ್ದು ನಿಲ್ಲುವುದು. ಶುಕ್ರವಾರ ಮಧ್ಯಾಹ್ನ ಹೊಲಿಗೆ ಪೀರಿಯಡ್ಡಿಗೆ ಬಂದು ಸಹಾಯ ಮಾಡುತ್ತೀರಾ ಎಂದು ಮಿಸ್ ಕೇಳಿದರು. ಹೋಗತೊಡಗಿದೆ.

ಅವರು ಹಾಜರಿ ಕೂಗುವುದನ್ನು ನಾನು ನೋಡಿದ್ದು ಅಲ್ಲಿ. ಬೇರೆ ಟೀಚರುಗಳು ಹೆಸರನ್ನು ಕೋಳಿಗೆ ಅಕ್ಕಿ ಎರಚಿದ ಹಾಗೆ ಎರಚುತ್ತಾರೆ. ಇವರು ಒಂದೊಂದು ಹೆಸರನ್ನೂ ಪೂರ್ತಿ ಕೂಗಿ, ತಲೆಯೆತ್ತಿ, ಉತ್ತರ ಬರುವವರೆಗೂ ನೋಡುತ್ತಿದ್ದರು. ಎಂಟನೇ ಕ್ಲಾಸಿನ ಒಂದು ಹುಡುಗಿಗೆ ಮಾಘದಲ್ಲಿ ಮದುವೆ ಮಾಡಿ ಕಳಿಸಿಬಿಟ್ಟಿದ್ದರು. ಅವಳ ಹೆಸರನ್ನೂ ದಿನಾ ಕೂಗುತ್ತಿದ್ದರು. ನೋಡುತ್ತಿದ್ದರು. ಮುಂದಿನದಕ್ಕೆ ಹೋಗುತ್ತಿದ್ದರು. ಒಂದು ಸಲ ಇನ್‌ಸ್ಪೆಕ್ಟರು ಬಂದಿದ್ದಾಗಲೂ ಹಾಗೆಯೇ ಕೂಗಿದರು.

"ಈ ಹುಡುಗಿ ಎಲ್ಲಮ್ಮ?"

"ಬಂದಿಲ್ಲ ಸರ್."

"ಮದುವೆಯಾಗಿ ಹೋಗಿದೆ ಅಂತ ಹೇಳಿದರಲ್ಲ. ಇನ್ನು ಬರೋದೂ ಇಲ್ಲವಲ್ಲ."

"ಬಂದಿಲ್ಲ ಅಂತ ಬರೀತೀನಿ ಸರ್. ಇಲ್ಲ ಅಂತ ಬರೆಯೋಕೆ ಕಾಲಂ ಇಲ್ಲ."

ಇನ್‌ಸ್ಪೆಕ್ಟರು ಪುಸ್ತಕ ತಿರುವಿ ನೋಡಿದರು. ಕಾಲಂ ಇರಲಿಲ್ಲ.

ಇನ್ನು ಬೀಜದ ವಿಷಯ. ಅವರು ಬಂದ ಮೊದಲ ವರ್ಷ ಯಾರೋ ಮಗುವಿನ ತಂದೆ ವಿಶ್ವಾಸಕ್ಕೆ ಒಂದು ಸಣ್ಣ ಚೀಲ ಕಾಫಿ ಬೀಜ ಕಳಿಸಿದ್ದರು, ಆರಿಸದೇ ಇದ್ದದ್ದು. ಕಾಫಿ ಕುಡಿಯದ ಮಿಸ್ಸಿಗೆ ಅದನ್ನು ಏನು ಮಾಡುವುದೆಂದು ತಿಳಿಯದೆ ಜಗುಲಿಯ ಮೇಲಿಟ್ಟಿದ್ದರು. ಒಬ್ಬ ಹೆಂಗಸು ಮಗಳು ಲೆಕ್ಕದಲ್ಲಿ ಹಿಂದೆ ಎಂದು ಜಗಳಕ್ಕೆ ಬಂದವಳು, ಚೀಲ ನೋಡಿದಳು. ನಮ್ಮ ಕಡೆಯ ಹೆಂಗಸರ ಕಣ್ಣೆದುರು ಆರಿಸದ ಬೀಜ ಇದ್ದರೆ ಕೈ ಸುಮ್ಮನಿರುವುದಿಲ್ಲ. ಮೊರ ಕೇಳಿ ಇಸಿದುಕೊಂಡು, ಕೂತು, ಕರಿ ಬೀಜ, ಒಡೆದ ಬೀಜ, ಹುಳ ತಿಂದದ್ದು ಎಲ್ಲ ಬೇರೆ ಮಾಡುತ್ತ ಮಾಡುತ್ತ ಒಂದು ಗಂಟೆ ಮಾತಾಡಿದಳಂತೆ. ಲೆಕ್ಕದ ಮಾತು ಬರಲೇ ಇಲ್ಲ. ಗಂಡನ ತಮ್ಮನ ಮಾತು ಬಂತು. ಎದ್ದು ಹೋಗುವಾಗ ಅತ್ತು ಮುಗಿಸಿದ್ದಳು. ತಾನು ಅತ್ತದ್ದು ಅವಳಿಗೇ ಗೊತ್ತಿರಲಿಲ್ಲ.

ಮಿಸ್ ಅದನ್ನು ಗಮನಿಸಿಕೊಂಡರು. ಆಮೇಲೆ ಮೊರ ಯಾವಾಗಲೂ ಜಗುಲಿಯ ಮೇಲೆಯೇ. ಬಂದವರು ಒಂದು ಕಡೆ, ಮಿಸ್ ಒಂದು ಕಡೆ, ನಡುವೆ ಬೀಜ. ಇಬ್ಬರ ಕಣ್ಣೂ ಮೊರದೊಳಗೆ.

"ಮುಖ ನೋಡಿಕೊಂಡು ಕೂತರೆ ಯಾರೂ ನಿಜ ಹೇಳಲ್ಲ," ಎಂದು ನನಗೊಮ್ಮೆ ಹೇಳಿದರು. "ಎದುರಿನ ಮುಖಕ್ಕೆ ಏನು ಬೇಕೋ ಅದನ್ನ ಹೇಳ್ತಾರೆ. ನಮ್ಮ ಮೇಷ್ಟ್ರು ಇದನ್ನ ಆರು ತಿಂಗಳು ಪಾಠ ಮಾಡಿದರು. ನಿಮ್ಮೂರಿನ ಮೊರ ಮಾಡಿದ ಹಾಗೆ ಮಾಡಲಿಲ್ಲ."

ತಲೆಗೆ ಸಂಬಂಧಪಟ್ಟ ಟೀಚರ ಹತ್ತಿರ ಹೋಗಿದ್ದೆ ಎಂದು ಯಾರೂ ಹೇಳುವ ಹಾಗಿರಲಿಲ್ಲ. ಆದರೆ ಬೀಜ ಆರಿಸಲು ಹೋಗಿದ್ದೆ ಎನ್ನಬಹುದಿತ್ತು. ಹಾಗೆ ಆರಿಸುವವರು ಹೆಚ್ಚಾದರು. ಚೀಲ ಚಿಕ್ಕದು. ಒಂದು ಸಂಜೆ ನಾನು ಮರೆತುಬಂದ ಕತ್ತರಿಗೆ ಹೋದಾಗ, ಅಂದೆಲ್ಲ ಆರಿಸಿ ಎರಡು ಡಬ್ಬಕ್ಕೆ ಹಾಕಿದ್ದ ಒಳ್ಳೆ ಬೀಜವನ್ನೂ ಕರಿ ಬೀಜವನ್ನೂ ಮಿಸ್ ಒಂದೇ ಡಬ್ಬಕ್ಕೆ ಸುರಿದು ಕೈಯಾಡಿಸಿ ಬೆರೆಸುತ್ತಿದ್ದರು.

"ನಾಳೆಗೆ ಬೇಕಲ್ಲ," ಎಂದರು.

ಎರಡು ವರ್ಷ ಊರಿನ ಅರ್ಧ ಹೆಂಗಸರು ಅದೇ ಬೀಜ ಆರಿಸಿದ್ದರು. ನಾನು ಯಾರಿಗೂ ಹೇಳಲಿಲ್ಲ. ಆಮೇಲೆ ಜನ ತಮ್ಮ ತಮ್ಮ ಮನೆಯ ಬೀಜ ತರಲು ಶುರುಮಾಡಿದರು, ನೆಪಕ್ಕೆ ಗಟ್ಟಿ ಇರಲಿ ಎಂದು. ಆ ವರ್ಷ ನಮ್ಮ ಊರಿನ ಕಾಫಿ ತುಂಬ ಶುದ್ಧವಾಗಿದೆ ಎಂದು ಕೊಳ್ಳುವವರು ಹೊಗಳಿದರಂತೆ. ಯಾರೂ ಕಾರಣ ಹೇಳಲಿಲ್ಲ.

ಹೋಗದೆ ಇದ್ದವರಲ್ಲಿ ಮುಖ್ಯರಾದವರು ನಮ್ಮ ಪಕ್ಕದ ಮನೆಯ ಚೆನ್ನಕ್ಕ. ಅಂಗಡಿಯವರು, ಊರ ಹಿಂದೆ ಒಂದಿಷ್ಟು ತೋಟವೂ ಇತ್ತು. ನನ್ನನ್ನು ರೈಟ್ರಮ್ಮ ಎಂದು ಕರೆಯುತ್ತಿದ್ದರು. ನಾನು ಹೊರಟಾಗಲೆಲ್ಲ ಬೇಲಿಯ ಆಚೆಯಿಂದ ಒಂದು ಮಾತು ಇರುತ್ತಿತ್ತು.

"ಏನ್ ರೈಟ್ರಮ್ಮ, ಇನ್ನೂ ಮುಗುದಿಲ್ವಾ ನಿಮ್ಮನೆ ಬೀಜ? ಎಷ್ಟು ಎಕರೆ ಐತೆ ನಿಮ್ದು, ಅಡುಗೆಮನೆ ಹಿಂದ್ಗಡೆ?"

"ಒಂದು ದಿನ ನೀವೂ ಬನ್ನಿ ಚೆನ್ನಕ್ಕ."

"ನಂಗ್ಯಾಕವ್ವ? ನಮ್ಮನೆ ಬೀಜದಾಗೆ ಒಂದು ಕರಿ ತೋರ್ಸು ನೋಡಾನ."

ನಿಜವೇ. ಅವರ ಮನೆಯ ಬೀಜ ತೊಳೆದಿಟ್ಟ ಹಾಗೆ ಇರುತ್ತಿತ್ತು.

ಮಿಸ್ಸಿನ ಹತ್ತಿರ ಒಂದು ಸ್ಟಾಪ್‌ವಾಚ್ ಇತ್ತು. ಒಂದು ಮಾತು ಹೇಳುತ್ತಾರೆ, ಕೇಳಿದವರು ಮನಸ್ಸಿಗೆ ಬಂದ ಇನ್ನೊಂದು ಮಾತು ಹೇಳಬೇಕು. ನಡುವೆ ಎಷ್ಟು ಹೊತ್ತಾಯಿತೆಂದು ನೋಡುತ್ತಾರೆ. ಶಾಲೆಯ ವಾರ್ಷಿಕೋತ್ಸವದ ದಿನ ಇದನ್ನು ಆಟವಾಗಿ ಇಟ್ಟಿದ್ದರು. ಚೆನ್ನಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದರಿಂದ ತಪ್ಪಿಸಿಕೊಳ್ಳಲಾಗಲಿಲ್ಲ.

"ಮಳೆ," ಎಂದರು ಮಿಸ್.

"ಕೊಡೆ."

"ಗಂಡ."

"ಬಂದ್ರಾ?" ಎಂದು ಚೆನ್ನಕ್ಕ ಬಾಗಿಲ ಕಡೆ ತಿರುಗಿ ನೋಡಿದರು. ಇಡೀ ಶಾಲೆ ನಕ್ಕಿತು.

"ಮಗಳು."

"ಚೆನ್ನಾಗವ್ಳೆ."

ಮಿಸ್ ವಾಚಿನ ಗುಂಡಿ ಒತ್ತಿದ್ದು ಆಮೇಲೆ. ಚೆನ್ನಕ್ಕನ ಮಗಳನ್ನು ಶನಿವಾರಸಂತೆಯ ಕಡೆಗೆ ಕೊಟ್ಟಿದ್ದರು. ಎರಡು ವರ್ಷದಿಂದ ಹಬ್ಬಕ್ಕೆ ಬಂದಿರಲಿಲ್ಲ. ಕೇಳಿದರೆ ಹೀಗೆಯೇ, ಕೇಳಿ ಮುಗಿಯುವ ಮೊದಲೇ ಉತ್ತರ ಬರುತ್ತಿತ್ತು. ಮಿಸ್ ಮುಂದಿನ ಮಾತು ಕೇಳದೆ ವಾಚನ್ನು ಪೆಟ್ಟಿಗೆಗೆ ಹಾಕಿ, "ತುಂಬ ಬೇಗ ಹೇಳಿದಿರಿ, ನಿಮಗೇ ಫಸ್ಟು," ಎಂದು ಒಂದು ಸೋಪಿನ ಡಬ್ಬಿ ಕೊಟ್ಟರು. ಚೆನ್ನಕ್ಕ ಅದನ್ನು ಬಳಸಲಿಲ್ಲ. ಕಿಟಕಿಯಲ್ಲಿಟ್ಟರು.

ಈಗ ನನ್ನ ವಿಷಯ ಹೇಳಬೇಕು. ಇಲ್ಲದಿದ್ದರೆ ಹಾಲಿನ ವಿಷಯ ಮುಗಿಯುವುದಿಲ್ಲ.

ಹಾಲು ಉಕ್ಕಿದ ವರ್ಷದ ಹಿಂದಿನ ವರ್ಷ ಮಳೆಗಾಲ ಮುಗಿದ ಮೇಲೆ ನನಗೊಂದು ಹೆಣ್ಣು ಮಗು ಹುಟ್ಟಿತು. ಹನ್ನೊಂದು ದಿನ ಇತ್ತು. ಹೆಸರಿಡುವ ಶಾಸ್ತ್ರ ಇನ್ನೂ ಆಗಿರಲಿಲ್ಲ. ಹೆಸರಿಡದ ಮಗುವಿಗೆ ಸೂತಕವಿಲ್ಲ, ತಿಥಿಯಿಲ್ಲ, ಬಂದು ಮಾತಾಡಿಸಿ ಹೋಗುವವರೂ ಇಲ್ಲ. ನಮ್ಮದು ಅರೆಭಾಷೆ ಆಡುವ ಮನೆ. ಅತ್ತೆ ಕೆಟ್ಟವರಲ್ಲ, ನನ್ನ ತಲೆ ನೇವರಿಸಿಯೇ ಹೇಳಿದ್ದು. "ಹೆಸ್ರೇ ಇಟ್ಟಿತ್ಲೆ ಅಲ್ಲಾ ಮಗಳೆ, ಮರ್ತ್ ಬುಡ್." ಇನ್ನೂ ಹೆಸರೇ ಇಟ್ಟಿರಲಿಲ್ಲ, ಮರೆತುಬಿಡು. ನಮ್ಮ ಮನೆಯವರು ಸೈಕಲ್ ಪಂಪ್ ಎಲ್ಲಿ ಎಂದು ಕೇಳಲು ಶುರುಮಾಡಿದ್ದು ಆಗ ಎಂದು ಕಾಣುತ್ತದೆ. ಮದುವೆಯಾದಂದಿನಿಂದ ಎಂದು ಮೇಲೆ ಬರೆದದ್ದು ಪಂಪ್ ಇದ್ದ ಮೊಳೆಯ ವಿಷಯ.

ನಾನು ಮಿಸ್ಸಿನ ಜಗುಲಿಗೆ ಹೋಗುವುದನ್ನು ಬಿಡಲಿಲ್ಲ. ವಾರಕ್ಕೆ ಮೂರು ದಿನ ಹೋದೆ. ಅಲ್ಲಿ ನಾನು ಮೂಕಿಯಂತೆ ಕೂತಿರುತ್ತಿರಲಿಲ್ಲ. ಉಪ್ಪಿನಕಾಯಿಗೆ ಹಾಕುವ ಎಣ್ಣೆ, ಕಾನ್ವೆಂಟಿನಲ್ಲಿ ನಮ್ಮನ್ನು ಮೇಣದ ಬತ್ತಿ ಹಿಡಿಸಿ ನಡೆಸುತ್ತಿದ್ದ ಸಿಸ್ಟರು, ಚೆನ್ನಕ್ಕನ ಬೆಕ್ಕು, ಎಲ್ಲವನ್ನೂ ಮಾತಾಡಿದೆ. ಎಂಟು ತಿಂಗಳು ಎಡೆಬಿಡದೆ ಮಾತಾಡಿದೆ. ಮಿಸ್ ಬೀಜ ಆರಿಸುತ್ತ ಹೂಂಗುಟ್ಟುತ್ತಿದ್ದರು. ನಾನು ಆರಿಸುವ ರೀತಿಯ ಬಗ್ಗೆ ಒಮ್ಮೆ ಮಾತ್ರ, "ಒಳ್ಳೆ ಬೀಜಾನೂ ಎಸೀತಾ ಇದ್ದೀರಿ," ಎಂದರು. ನೋಡಿದರೆ ಹೌದು.

ಜೂನ್ ತಿಂಗಳಿನಲ್ಲಿ ಅವರಿಗೆ ಮೈಸೂರಿನಿಂದ ಒಂದು ಕಾಗದ ಬಂತು. ಹೊಸ ಪದ್ಧತಿ ಬರುತ್ತಿದೆ, ಆನರ್ಸ್ ಎತ್ತಿಬಿಡುತ್ತಾರೆ, ಹಳೆಯ ಆನರ್ಸಿನವರಿಗೆ ಒಂದೇ ವರ್ಷದ ಎಂ.ಎ. ಇದೇ ಕೊನೆ. ಮುಂದೆ ಯಾರೇ ಸೇರಿದರೂ ಎರಡು ವರ್ಷ, ಅದೂ ಮೊದಲಿನಿಂದ. ಎರಡು ವರ್ಷದ ರಜೆ ಯಾವ ಟೀಚರಿಗೂ ಸಿಗುವುದಿಲ್ಲ. ಒಂದು ವರ್ಷಕ್ಕೆ ಸಿಕ್ಕಿತು. ಹಾಗಾಗಿ ಅವರ ನಾಲ್ಕನೆಯ ವರ್ಷ ಈಗ ಮುಗಿದರೆ ಮುಗಿಯಿತು, ಇಲ್ಲದಿದ್ದರೆ ಮುಕ್ಕಾಲಿನಲ್ಲೇ ನಿಂತಿತು.

"ಅದರಲ್ಲೊಂದು ಹೊಸ ಪೇಪರು ಇದೆ," ಎಂದು ಹೇಳಿದ್ದರು. ಕಣ್ಣು ಸ್ವಲ್ಪ ದೊಡ್ಡದಾಗಿತ್ತು. ಅವರ ಮುಖದಲ್ಲಿ ಅದಕ್ಕಿಂತ ಹೆಚ್ಚಿನದನ್ನು ನಾನು ಕಂಡಿಲ್ಲ. "ಕಷ್ಟ ಹೇಳಿಕೊಳ್ಳೋಕೆ ಬಂದವರಿಗೆ ಸಲಹೆ ಕೊಡದೆ ಇರೋದು ಹೇಗೆ ಅಂತ. ಪೂರ್ತಿ ಒಂದು ಪೇಪರು."

ಇದನ್ನು ನಮ್ಮ ಮನೆಯವರಿಗೆ ಹೇಳಿದೆ. ಯೋಚಿಸಿ, "ಅದಕ್ಕೆ ಒಂದು ವರ್ಷ ಸಾಲಿಕೆ ಇಲ್ಲೆ," ಎಂದರು.

ಊರಿನಲ್ಲಿ ಮಾತ್ರ ಮಿಸ್ಸಿಗೇ ತಲೆ ಕೆಟ್ಟಿದೆ, ಚಿಕಿತ್ಸೆಗೆ ಮೈಸೂರಿಗೆ ಹೋಗುತ್ತಿದ್ದಾರೆ ಎಂದಾಯಿತು. ಅಷ್ಟು ಜನರ ಮಾತು ಕೇಳಿದರೆ ಇನ್ನೇನಾಗುತ್ತದೆ ಎಂದು ಎಲ್ಲರೂ ಮರುಗಿದರು. ಕೆಲವರು ದಾರಿಗೆಂದು ಕಿತ್ತಳೆ ಮಾರ್ಮಲೇಡ್ ಕೊಟ್ಟರು.

ಟ್ರಂಕು ಕಟ್ಟಿದ್ದಾಯಿತು. ಮೈಸೂರಿನ ಬಸ್ಸು ಎಂಟೂವರೆಗೆ ಅವರ ಮನೆಯ ಮುಂದೆಯೇ ಹಾದುಹೋಗುತ್ತದೆ. ಸೋಮವಾರ ಕಂಡಕ್ಟರು ಬಂದು ನಿಂತ. ಮಿಸ್ ಜಗುಲಿಯಿಂದ, "ಇವತ್ತಿಲ್ಲ," ಎಂದರು. ಮಂಗಳವಾರವೂ ಇಲ್ಲ. ಬುಧವಾರವೂ ಇಲ್ಲ. ಗುರುವಾರದ ಹೊತ್ತಿಗೆ ಬಸ್ಸು ನಿಲ್ಲುವುದನ್ನು ನೋಡಲು ನಾಲ್ಕು ಜನ ಸೇರುತ್ತಿದ್ದರು. ಕಾಲೇಜಿಗೆ ಸೇರಲು ಶನಿವಾರ ಮಧ್ಯಾಹ್ನ ಕೊನೆ.

ಗುರುವಾರ ಸಂಜೆ ಚೆನ್ನಕ್ಕ ಬೇಲಿಯ ಹತ್ತಿರ ಬಂದರು. ತಡೆಯಲಾರದೆ ತಾವೇ ಹೋಗಿ ಮಿಸ್ಸನ್ನು ಕೇಳಿದ್ದರಂತೆ. ಮಿಸ್ಸಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಒಂದು ಕೆಲ್ಸ ಬಾಕಿ ಐತಂತೆ ರೈಟ್ರಮ್ಮ. ಯಾರೋ ಒಬ್ರು ಎಂಟು ತಿಂಗ್ಳಿಂದ ಬತ್ತಾವ್ರಂತೆ, ಇನ್ನೂ ಒಂದೇ ಒಂದು ಮಾತೂ ಆಡಿಲ್ವಂತೆ. ಅವ್ರು ಬಾಯಿ ಬಿಡೋ ಗಂಟ ಹೆಂಗೆ ಬಿಟ್ಟೋಗ್ಲಿ ಅಂದ್ರು."

"ಯಾರಂತೆ?"

"ಅದ್ನ ಹೇಳ್ತಾರಾ ಅವ್ರು? ಯಾರವ್ಳು ಪುಣ್ಯಾತ್ಗಿತ್ತಿ! ಅದೇನು ಬಾಯಾಗೆ ಇಟ್ಕಂಡವ್ಳೋ, ಉಗುದು ಸಾಯಬಾರ್ದಾ? ಪಾಪ, ಒಂದು ಹೆಣ್ಣು ಹೆಂಗಸಿನ ಓದು ನಿಂತೋಯ್ತದೆ." ಹೇಳಿ, ನನ್ನ ಕೈಯಿಂದ ಕರಿಬೇವು ತೆಗೆದುಕೊಂಡು ಹೋದರು.

ನಾನಲ್ಲ ಎಂದು ನನಗೆ ಖಾತರಿಯಿತ್ತು. ನಾನು ಎಷ್ಟೊಂದು ಮಾತಾಡಿದ್ದೇನೆ. ರಾತ್ರಿ ಪಾತ್ರೆ ತೊಳೆಯುವಾಗ ಊರಿನ ಮಾತು ಕಡಿಮೆಯ ಹೆಂಗಸರನ್ನೆಲ್ಲ ನೆನಪು ಮಾಡಿಕೊಂಡೆ. ಮೂವರು ಸಿಕ್ಕರು. ಅದರಲ್ಲಿ ಒಬ್ಬಾಕೆ ತಮಿಳರವಳು, ಅವಳಿಗೆ ಕನ್ನಡ ಬಾರದು. ಬೆಳಿಗ್ಗೆ ಒಲೆಯ ಮುಂದೆ ನಿಂತು ಉಳಿದಿಬ್ಬರಲ್ಲಿ ಯಾರಿರಬಹುದು ಎಂದು ಯೋಚಿಸುತ್ತಿದ್ದೆ. ಎಂಟು ತಿಂಗಳು ಎಂದರೆ ಯಾವಾಗಿನಿಂದ ಎಂದು ಬೆರಳಿನಲ್ಲಿ ಎಣಿಸಿದೆ. ಜೂನ್, ಮೇ, ಏಪ್ರಿಲ್ ಎಂದು ಹಿಂದಕ್ಕೆ ಎಣಿಸುತ್ತ ಹೋದೆ.

ಆಗ ಹಾಲು ಉಕ್ಕಿದ್ದು.

ಸೀರೆ ಬದಲಿಸಲಿಲ್ಲ. ಡಬ್ಬದಲ್ಲಿದ್ದ ಎರಡು ಹಿಡಿ ಬೀಜವನ್ನು ಒಂದು ಬಟ್ಟೆಯಲ್ಲಿ ಸುತ್ತಿಕೊಂಡೆ. ಅತ್ತೆ ನಡುಮನೆಯಿಂದ ಕೇಳಿದರು.

"ಎಲ್ಲಿಗೆ ಹೊರಟದ್?"

"ಬೀಜ ಆರ್ಸಿಕೆ ಅತ್ತೆ."

ಅತ್ತೆ ಉಕ್ಕಿದ ಹಾಲನ್ನು ನೋಡಿದರು. ನನ್ನನ್ನು ನೋಡಿದರು. "ಹೋಗ್. ಒಲೆ ನಾ ನೋಡ್ನೆ," ಎಂದರು.

ಮಿಸ್ ಜಗುಲಿಯಲ್ಲಿದ್ದರು. ಟ್ರಂಕು, ಹಾಸಿಗೆ ಸುತ್ತಿದ ಹೋಲ್ಡಾಲು, ಕೊಡೆ, ಮೂರೂ ಬಾಗಿಲ ಪಕ್ಕ. ಸಣ್ಣ ಮಳೆ. ಕೊಡೆ ಮಡಿಸಿಯೇ ಇತ್ತು. ಮೊರವನ್ನು ನಡುವೆ ಇಟ್ಟರು.

"ಬನ್ನಿ. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇದೆ."

ಬೀಜ ಸುರಿದೆ. ಇಬ್ಬರೂ ಆರಿಸಿದೆವು. ನಾನು ಮಳೆಯ ಬಗ್ಗೆ ಒಂದು ಮಾತು ಹೇಳಿದೆ. ಮಿಸ್ ಹೂಂ ಎಂದರು. ಹಾಲು ಉಕ್ಕಿದ್ದನ್ನು ಹೇಳಿದೆ. ಅದಕ್ಕೂ ಹೂಂ ಎಂದರು. ಆಮೇಲೆ ಕರಿ ಬೀಜವನ್ನೆಲ್ಲ ಒಂದು ಕಡೆಗೆ ಸರಿಸುತ್ತ ಹೋದೆ. ಅವರ ಬೆರಳು ಅವಸರ ಮಾಡಲಿಲ್ಲ. ದೂರದಲ್ಲಿ ಏರು ಹತ್ತುವ ಬಸ್ಸಿನ ಸದ್ದು ಕೇಳಿತು. ಆಗಲೂ ಮಾಡಲಿಲ್ಲ.

"ಹನ್ನೊಂದು ದಿನ ಇತ್ತು ಮಿಸ್," ಎಂದೆ.

ಅವರು ಒಂದು ಒಡಕು ಬೀಜ ತೆಗೆದಿಟ್ಟರು.

"ಎಡಗಿವಿಯ ಹಿಂದೆ ಒಂದು ಮಚ್ಚೆ. ನಾನು ಮಾತ್ರ ನೋಡಿದ್ದು. ಹೆಸರಿಟ್ಟಿರಲಿಲ್ಲ ಅಂತ ಎಲ್ಲರೂ ಹೇಳ್ತಾರೆ. ಇಟ್ಟಿದ್ದೆ. ನಾಲ್ಕನೇ ದಿನವೇ ಇಟ್ಟಿದ್ದೆ. ಸ್ನಾನ ಮಾಡಿಸುವಾಗ ಕರೀತಿದ್ದೆ, ಯಾರಿಗೂ ಕೇಳಿಸದ ಹಾಗೆ."

ಹೆಸರು ಹೇಳಿದೆ.

ಬಸ್ಸು ಬಂದು ನಿಂತಿತು. ಹಾರನ್ ಹೊಡೆಯಿತು. ಮಿಸ್ ತಲೆಯೆತ್ತಿದರು. ಮೊರದ ಆಚೆಯಿಂದ ನನ್ನ ಮುಖ ನೋಡಿದ್ದು ಅದೇ ಮೊದಲು. ಕ್ಲಾಸಿನಲ್ಲಿ ಹಾಜರಿ ಕೂಗುವ ದನಿಯಲ್ಲಿ, ಬಸ್ಸಿನಲ್ಲಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ, ಆ ಹೆಸರನ್ನು ಒಂದು ಸಲ ಪೂರ್ತಿ ಕೂಗಿದರು. ಕೂಗಿ, ಉತ್ತರಕ್ಕೆ ಕಾದರು.

ನಾನು ಎದ್ದು ನಿಂತೆ. ಆರಿಸಿ ಮಡಿಲಿಗೆ ಹಾಕಿಕೊಂಡಿದ್ದ ಬೀಜ ಜಗುಲಿಯ ತುಂಬ ಚೆಲ್ಲಿತು.

"ಪ್ರೆಸೆಂಟ್ ಮಿಸ್," ಎಂದೆ.

ಅವರು ನಗಲಿಲ್ಲ. ಅಳಲೂ ಇಲ್ಲ. ತಲೆಯಾಡಿಸಿದರು, ಪುಸ್ತಕದಲ್ಲಿ ಗುರುತು ಹಾಕಿಕೊಂಡವರ ಹಾಗೆ. ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದರು.

"ಇವತ್ತೂ ಇಲ್ವಾ ಮಿಸ್?" ಎಂದ ಕಂಡಕ್ಟರು, ಹತ್ತಿ ಹೊರಡುವುದಕ್ಕೆ ಒಂದು ಕಾಲು ಎತ್ತಿಕೊಂಡೇ.

"ಟ್ರಂಕು ಮೇಲೆ ಹಾಕಿ."

ಅವನು ಎತ್ತಿದ ಕಾಲನ್ನು ಇಳಿಸಲು ಸ್ವಲ್ಪ ಹೊತ್ತು ಹಿಡಿಯಿತು. ವಾಚಿದ್ದಿದ್ದರೆ ನೋಡಬಹುದಿತ್ತು.

ಟ್ರಂಕನ್ನು ಮೇಲೆ ಹಾಕುವಾಗ ಮಿಸ್ ಒಳಗೆ ಹೋಗಿ ಒಂದು ತಗಡಿನ ಡಬ್ಬ ತಂದು ನನ್ನ ಕೈಗೆ ಕೊಟ್ಟರು. ಅದೇ ಮೊದಲ ವರ್ಷದ ಬೀಜ. ಇಷ್ಟು ವರ್ಷದ ಕೈಯಾಟಕ್ಕೆ ಒಂದೊಂದು ಬೀಜವೂ ಹೊಳಪು ಬಂದು ಮಣಿಯ ಹಾಗಾಗಿತ್ತು.

"ಸಾಯಂಕಾಲ ಬೆರೆಸೋದು ಮರೀಬೇಡಿ," ಎಂದರು. ಅಷ್ಟೇ. ಸಲಹೆ ಎಂದು ಅವರು ನನಗೆ ಕೊಟ್ಟದ್ದು ಅದೊಂದು.

ಮರುದಿನ ಹನ್ನೊಂದು ಗಂಟೆಗೆ ಸೇರಿದರಂತೆ. ಒಂದು ವರ್ಷದಲ್ಲಿ ಎಂ.ಎ. ಆಯಿತು. ಸಲಹೆ ಕೊಡದ ಪೇಪರಿನಲ್ಲಿ ಎಲ್ಲಕ್ಕಿಂತ ಕಡಿಮೆ ನಂಬರು ಬಂತು, ತುಂಬ ಕಡಿಮೆ ಬರೆದಿದ್ದೆ, ಎಂದು ಕಾರ್ಡು ಬರೆದಿದ್ದರು. ನಮ್ಮ ಶಾಲೆಗೆ ಮತ್ತೆ ಬರಲಿಲ್ಲ. ಬೇರೆ ಎಲ್ಲಿಯೋ ಹೆಣ್ಣುಮಕ್ಕಳ ಕಾಲೇಜಿಗೆ ಹಾಕಿದರು. ಪ್ರತಿ ವರ್ಷ ಅಕ್ಟೋಬರಿನಲ್ಲಿ ಒಂದು ಕಾರ್ಡು ಬರುತ್ತಿತ್ತು. ಅದರಲ್ಲಿ ನನ್ನ ಯೋಗಕ್ಷೇಮ ಒಂದು ಸಾಲು, ಅವರದು ಒಂದು ಸಾಲು, ಮೂರನೆಯ ಸಾಲಿನಲ್ಲಿ ಆ ಹೆಸರು, ಮುಂದೆ ಒಂದು ಸಣ್ಣ ಅಡ್ಡಗೆರೆ, ಹಾಜರಿಗೆ ಹಾಕುವಂಥದ್ದು.

ಆ ಶುಕ್ರವಾರದ ಉಳಿದ ಹೊತ್ತು ಎಂದಿನ ಹಾಗೆಯೇ ಹೋಯಿತು. ಮಧ್ಯಾಹ್ನ ಹೊಲಿಗೆ ಪೀರಿಯಡ್ಡಿಗೆ ಹೋಗಿ ಬಂದೆ. ಮನೆಯವರು ಸಂಜೆ ಬಂದು ಸೈಕಲ್ ಒರಗಿಸಿದರು. ಬಸ್ಸಿನಲ್ಲಿದ್ದವರ ಬಾಯಿಂದ ಸುದ್ದಿ ಅವರನ್ನು ದಾರಿಯಲ್ಲೇ ಮುಟ್ಟಿರಬೇಕು. ಟಿಫಿನ್ ಕ್ಯಾರಿಯರು ಕೆಳಗಿಟ್ಟು, ಪಂಪನ್ನು ತಾವೇ ಮೊಳೆಗೆ ನೇತುಹಾಕಿ, ಅಲ್ಲಿಯೇ ಗೋಡೆಯ ಕಡೆ ಮುಖ ಮಾಡಿ ನಿಂತು, ಆ ಹೆಸರನ್ನು ಮೆಲ್ಲಗೆ ಒಂದು ಸಲ ಹೇಳಿ ನೋಡಿದರು. ಸರಿಯಾಗಿ ಹೇಳಿದರು. ಆಮೇಲೆ ಕೈಕಾಲು ತೊಳೆಯಲು ಹೋದರು.

ದೀಪ ಹಚ್ಚುವ ಮೊದಲು ನಾನು ಮುಂದಿನ ಜಗುಲಿಯಲ್ಲಿ ಕೂತು ಡಬ್ಬದ ಬೀಜ ಮೊರಕ್ಕೆ ಸುರಿದುಕೊಂಡೆ. ಬೆರೆಸುವುದಕ್ಕೆ ಮೊದಲು ಆರಿಸಬೇಕಲ್ಲ. ಬೇಲಿಯ ಗೇಟು ಕಿರ್ರೆಂದಿತು. ಚೆನ್ನಕ್ಕ. ಸೊಂಟದ ಮೇಲೆ ಅವರದೇ ಮೊರ. ಬಂದವರು ನನ್ನ ಕಡೆ ನೋಡದೆ ರಸ್ತೆಯ ಕಡೆ ಮುಖ ಮಾಡಿ, ಸೀರೆ ಮುದುರಿಕೊಂಡು ಪಕ್ಕದಲ್ಲೇ ಕೂತರು. ಅವರ ಮೊರದ ತುಂಬ ಬೀಜ. ಅದರಲ್ಲಿ ಒಂದೂ ಕರಿ ಇರಲಿಲ್ಲ.

"ಒಸಿ ಅತ್ಲಾಗ್ ಜರುಗು ರೈಟ್ರಮ್ಮ," ಎಂದರು. "ನಮ್ಮನೆ ಬೀಜದಾಗೆ ಆರ್ಸಾಕೇನೂ ಇಲ್ಲ. ಸುಮ್ಕೆ ಕೈಯಾಡ್ಸಾನ ಅಂತ ತಂದೆ."